ಸದ್ದಿನ ನಕ್ಷೆಗಾಗಿ ಊರನ್ನು ಸುಮ್ಮನಿರಿಸಿದ ಬಗ್ಗೆ

ಕ್ರಮಾಂಕ: ನಕ್ಷೆ/ಸದ್ದು/17/2006-07

ಉಲ್ಲೇಖ:
1) ದೂರವಾಣಿ ನಿರ್ವಾಹಕಿ ಶ್ರೀಮತಿ ತಾಹೇರಾರವರ, ಹೊಸ ಕಚೇರಿಯ ದಾರಿ ಕಲಿಸಿಕೊಡಿರೆಂಬ ಮನವಿ.
2) ಅದೇ ಮನವಿ, ಎರಡನೇ ಸಲ, ಕೊಂಚ ಜೋರಾಗಿ.

ಶಿವಾಜಿನಗರದ ಈ ಕಚೇರಿಯು ಕೆ.ಆರ್.ಪುರಕ್ಕೆ ಸ್ಥಳಾಂತರಗೊಂಡಿರುತ್ತದೆ. ಕಣ್ಣು ಕಾಣದ ತಾಹೇರಾರವರು ಸೋಮವಾರ ಹತ್ತು ಗಂಟೆಗೆ ಅಲ್ಲಿಗೆ ಒಬ್ಬರೇ ಬಂದು ಹಾಜರಾಗತಕ್ಕದ್ದು, ತಪ್ಪಿದಲ್ಲಿ ಹುದ್ದೆ ಹೋಗುವುದು ಎಂದು ಆದೇಶಿಸಲಾಗಿತ್ತು. ಅವರು ದಾರಿ ಕಲಿಯಲೆಂದು ಕಂಪ್ಯೂಟರಿನಲ್ಲಿ ಸದ್ದಿನ ನಕ್ಷೆಯನ್ನೂ ಸಿದ್ಧಪಡಿಸಲಾಯಿತು. ಸ್ಥಳದ ಸಂಖ್ಯೆ ಒತ್ತಿದರೆ ಆ ಸ್ಥಳದ ಸದ್ದು ಕೇಳಿಸತಕ್ಕದ್ದು.

1. ಧ್ವನಿಮುದ್ರಣದಲ್ಲಿ ಗಲಾಟೆ ಇರಕೂಡದೆಂಬ ನಿಯಮದಂತೆ ಸಿಬ್ಬಂದಿ ಹುಲಿಗೆಪ್ಪನವರು ರಸೆಲ್ ಮಾರುಕಟ್ಟೆಯಲ್ಲಿ ನಿಂತು, "ಐದು ನಿಮಿಷ ಎಲ್ಲಾರೂ ಗಪ್ ಇರ್ರಪ್ಪಾ, ಸರ್ಕಾರಿ ರೆಕಾರ್ಡಿಂಗು!" ಎಂದು ಕೋರಿರುತ್ತಾರೆ. ಮಾರುಕಟ್ಟೆ ಸಹಕರಿಸಿರುತ್ತದೆ. ಸಹಕರಿಸದ ಒಂದು ಕೋಳಿಯ ಧ್ವನಿಯನ್ನು ಅಳಿಸಲಾಗಿದೆ.

2. ನಕ್ಷೆಯ ಹನ್ನೊಂದು ಸ್ಥಳಗಳನ್ನೂ ತಾಳ್ಮೆಯಿಂದ ಆಲಿಸಿದ ತಾಹೇರಾರವರು, "ಹುಲಿಗೆಪ್ಪಣ್ಣಾ, ಮಾರ್ಕೆಟ್ಟೂ ಇಷ್ಟೇ, ಹಲಸೂರೂ ಇಷ್ಟೇ. ಎಲ್ಲಾ ಕಡೆ ಊಟ ಆದ್ಮೇಲಿನ ನಮ್ಮ ಆಫೀಸೇ ಕೇಳಿಸ್ತದಲ್ಲಾ" ಎಂದಿರುತ್ತಾರೆ. "ಏನಕ್ಕಾ, ನಾಕ್ ದಿನ ಬೈಸ್ಕೊಂಡು ಊರೆಲ್ಲಾ ಗಪ್ ಮಾಡ್ಸೀನಿ!" ಎಂಬ ಹುಲಿಗೆಪ್ಪನವರ ಸಮಜಾಯಿಷಿ ಸ್ವೀಕೃತವಾಗಿದೆ.

3. ನಕ್ಷೆ ತಿದ್ದಲು ಮೂರು ಸಹಿ ಬೇಕಾಗಿರುವುದರಿಂದ, ಊರೇ ನಕ್ಷೆಗೆ ಹೊಂದಿಕೊಂಡು ಸುಮ್ಮನಿರತಕ್ಕದ್ದೆಂದು ಸೂಚಿಸಲಾಗಿದೆ. ಕಂಡಕ್ಟರುಗಳು ಸೀಟಿ ಊದುವ ಬದಲು ತಲೆಯಾಡಿಸತಕ್ಕದ್ದು. ಈ ಸೂಚನೆ ಇನ್ನೂ ಊರಿಗೆ ತಲುಪಿರುವುದಿಲ್ಲ.

4. ಸೋಮವಾರ ತಾಹೇರಾರವರು ನಕ್ಷೆಯನ್ನು ಬಿಟ್ಟು, ಕಿವಿಯನ್ನು ಮಾತ್ರ ತೆಗೆದುಕೊಂಡು ಹೊರಟಿರುತ್ತಾರೆ. ಕಸಾಯಿ ಕತ್ತಿಯ ಸದ್ದು ದಾಟಿ ಬಲಕ್ಕೆ ತಿರುಗಿ, ಬಸ್ಸು ಹತ್ತಿ, "ಟಿನ್ ಫ್ಯಾಕ್ಟರಿ! ಟಿನ್ ಫ್ಯಾಕ್ಟರಿ!" ಎಂಬ ಕಂಡಕ್ಟರನ ಕೂಗು ಕೇಳಿದ ಮೇಲೆ ಇನ್ನು ಸ್ವಲ್ಪವೇ ದೂರವೆಂದು ಎದ್ದು ನಿಂತು, ಒಂಬತ್ತೂ ನಲವತ್ತಕ್ಕೆ ಹಾಜರಾಗಿರುತ್ತಾರೆ.

5. ಅವರ ಹಾಜರಿ ಪರಿಶೀಲಿಸಬೇಕಾಗಿದ್ದ ಅಧಿಕಾರಿಗಳು ನಕ್ಷೆಯ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೌನಕ್ಕೆ ಭಂಗ ಬಾರದಂತೆ ಜೀಪಿನ ಗಾಜು ಏರಿಸಿಕೊಂಡು ಹೊರಟಿರುತ್ತಾರೆ. ದಾರಿ ಕೇಳುವುದೂ ಸದ್ದೇ ಆದುದರಿಂದ ಯಾರನ್ನೂ ಕೇಳಿರುವುದಿಲ್ಲ.

6. ಹನ್ನೊಂದು ಗಂಟೆಗೆ ನಿರ್ದೇಶಕರು ಆ ಜೀಪಿನಿಂದ ಕಚೇರಿಗೆ ದೂರವಾಣಿ ಮಾಡಿ, "ನಾವೆಲ್ಲಿದೀವಿ ಗೊತ್ತಾಗ್ತಿಲ್ಲಮ್ಮ" ಎಂದಿರುತ್ತಾರೆ. ತಾಹೇರಾರವರು, "ಗಾಜು ಇಳಿಸಿ ಸಾರ್. ಇಳಿಸಿದ್ರಾ? ಈಗ ಏನೇನು ಕೇಳಿಸ್ತದೆ, ನಿಧಾನಕ್ಕೆ ಹೇಳಿ" ಎಂದು ವಿಚಾರಿಸಿ, ಅಂಗಡಿಯವರ ಕೂಗಿನಿಂದ ಅದು ಕಮ್ಮನಹಳ್ಳಿಯೆಂದು ಗುರುತಿಸಿ, ದಾರಿ ಹೇಳಿ ಕರೆಸಿಕೊಂಡಿರುತ್ತಾರೆ.

7. ಆದುದರಿಂದ ಸದರಿಯವರ ಹುದ್ದೆಯನ್ನು ಖಾಯಂ ಉಳಿಸಲಾಗಿದೆ. ಅಧಿಕಾರಿಗಳು ತಾವು ತಾವೇ ಹೊರಗೆ ಓಡಾಡುವುದನ್ನು ನಿಷೇಧಿಸಲಾಗಿದೆ.

(ಸಹಿ)
ನಿರ್ದೇಶಕರು
(ಜೀಪಿನಿಂದ ಇಳಿದ ಮೇಲೆ)

ಪ್ರತಿಗಳು:
1) ಶ್ರೀ ಹುಲಿಗೆಪ್ಪ: ಮುಂದಿನ ಸಲ ತಾವೊಬ್ಬರೇ ಗಪ್ ಇರಲು.
2) ಕಮ್ಮನಹಳ್ಳಿ ಮುಖ್ಯರಸ್ತೆಯ ಅಂಗಡಿಯವರು: ಕೂಗಿದ್ದಕ್ಕೆ ವಂದನೆಗಳೊಂದಿಗೆ.
3) ಶ್ರೀಮತಿ ತಾಹೇರಾ: ಓದಿ ಹೇಳಲಾಗಿದೆ, ನಕ್ಕಿರುತ್ತಾರೆ.