ಆಟದೊಳಗಿಂದ ಕೂಗಿದ ಮಾವ

"ಇವತ್ತು ನಾನು ಬರೆಯೋ ವಿಮರ್ಶೆ ಓದಿ ಊರಿಗೆ ಊರೇ ಆಟಕ್ಕೆ ಕೂರಬೇಕು! ಕೂರದಿದ್ರೆ ನನ್ನ ಪೆನ್ನು ಕಿವಿ ಕೆರೆಯೋದಕ್ಕೆ ಮಾತ್ರ!"

ಅಲ್ಪವಿರಾಮ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಹಲ್ಲುಜ್ಜುವಾಗ. ಹೆಂಡತಿಗೆ ಕೇಳಿಸಿದ್ದು ಬರೀ ಬುಳುಬುಳು. "ಮೊದಲು ಉಗುಳಿ, ಆಮೇಲೆ ಮಾತಾಡಿ" ಅಂದಳು.

ಪತ್ರಿಕೆಯೊಂದರಲ್ಲಿ ಕರಡು ತಿದ್ದುವುದು ಅವನ ಹೊಟ್ಟೆಪಾಡು. ಒಂದು ಅಲ್ಪವಿರಾಮ ತಪ್ಪಿದರೂ ವರದಿಗಾರರ ಮೇಲೆ ಯುದ್ಧ ಸಾರುತ್ತಿದ್ದರಿಂದ ಕಚೇರಿಯಲ್ಲಿ ಅವನಿಗೆ ಅದೇ ಹೆಸರು ಗಟ್ಟಿಯಾಗಿತ್ತು. ಆದರೆ ಅವನ ಜೀವವಿದ್ದದ್ದು ವಾರಕ್ಕೊಮ್ಮೆ, ಪದಬಂಧದ ಕೆಳಗೆ, ಅಂಗೈಯಗಲ ಜಾಗದಲ್ಲಿ ಬರುತ್ತಿದ್ದ ವಿಡಿಯೊ ಗೇಮ್ ಅಂಕಣದಲ್ಲಿ. ದೊಡ್ಡ ಕಂಪನಿಗಳ ಆಟಗಳನ್ನು ಅವನು ಮೂಸಿಯೂ ನೋಡುತ್ತಿರಲಿಲ್ಲ. ಬರೀ ಬಂದೂಕು, ಬರೀ ರಕ್ತ! ಮೇಲೆ ಕಟ್ಟಡದಷ್ಟೆತ್ತರದ ಜಾಹೀರಾತು, ಅದರ ತುಂಬ ಸುಳ್ಳು! ಅವನಿಗೆ ಬೇಕಾದದ್ದು ಎಲ್ಲೋ ಒಂದು ಮೂಲೆಯಲ್ಲಿ, ದಿನದ ದುಡಿಮೆ ಮುಗಿಸಿ ಬಂದ ಯಾರೋ ಒಬ್ಬರು ಒಬ್ಬರೇ ಕೂತು ಕಟ್ಟಿದ ಆಟ. ಎಲೆಮರೆಯ ಕಾಯಿ. ಅಂಥದ್ದನ್ನು ಹುಡುಕಿ, ಆಡಿ, ನಾಲ್ಕು ಜನಕ್ಕೆ ತೋರಿಸುವುದೇ ತನ್ನ ಅವತಾರದ ಉದ್ದೇಶ ಅಂತ ಅವನು ನಂಬಿದ್ದ.

ಆ ನಾಲ್ಕು ಜನ ಯಾರು ಅನ್ನುವುದೇ ಸಂಪಾದಕರ ಪ್ರಶ್ನೆ.

"ನಿಮ್ಮ ಅಂಕಣಕ್ಕೆ ಇಲ್ಲೀವರೆಗೂ ಒಬ್ಬರಾದರೂ ಪತ್ರ ಬರೆದಿದ್ದಾರೇನ್ರೀ? ಹೊಗಳೋದು ಬೇಡ, ಬೈದಾದರೂ?"

"ಓದುಗರು ಮನಸ್ಸಿನಲ್ಲೇ ಮೆಚ್ಚಿಕೊಳ್ತಾರೆ, ಸಾರ್."

"ಈ ವಾರ ನೋಡ್ತೀನಿ. ಆಗಲೂ ಮನಸ್ಸಿನಲ್ಲೇ ಮೆಚ್ಚಿಕೊಂಡ್ರೆ, ಪದಬಂಧಾನ ಸ್ವಲ್ಪ ಕೆಳಗೆ ಎಳೀತೀನಿ."

ಅದಕ್ಕೇ ಆ ಪ್ರತಿಜ್ಞೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಚಪ್ಪಲಿ ಮೆಟ್ಟುತ್ತ ಅಪ್ಪಣೆಗಳನ್ನು ಉದುರಿಸಿದಳು. "ಸ್ಟವ್ ಮೇಲೆ ಸಣ್ಣ ಉರೀಲಿ ಹಾಲಿದೆ, ಉಕ್ಕೋ ಮುಂಚೆ ಆರಿಸಿ. ಮೆಷಿನ್ ನಿಂತ ಮೇಲೆ ಬಟ್ಟೆ ಹರವಿ. ಅಪ್ಪ ಬರ್ತಾರೆ, ಬಾಗಿಲು ತೆಗೀರಿ. ಏನು ಹೇಳಿದೆ?"

"ಹಾಲು ಹರವಬೇಕು, ಅಪ್ಪನ್ನ ಆರಿಸಬೇಕು."

"ದೇವರೇ!" ಅಂದು ಅವಳು ಬಸ್ಸಿಗೆ ಓಡಿದಳು.

ಕಚೇರಿಗೆ ರಜೆ ಹಾಕಿದ್ದ ಅಲ್ಪವಿರಾಮ ತಪಸ್ಸಿಗೆ ಕೂತ. ಮೊಬೈಲನ್ನು ಬೀರುವಿನಲ್ಲಿ, ಹೊದಿಕೆಗಳ ಅಡಿಯಲ್ಲಿ ಸಮಾಧಿ ಮಾಡಿದ. ಹೆಡ್‌ಫೋನ್ ಏರಿಸಿದ. ಆ ಹೆಡ್‌ಫೋನಿನ ಒಂದು ಕಿವಿಯ ಸ್ಪಂಜು ಎಂದೋ ಉದುರಿತ್ತು. ಹೊರಗಿನ ಸದ್ದೂ ಆಟದೊಳಗಿನ ಸದ್ದಿನ ಹಾಗೇ ಕಿವಿಗೆ ಬೀಳುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಆಟ ಬಹಳ ಸಾದಾ. ಯಾವುದೋ ದೂರದೇಶದ ಹುಡುಗಿಯೊಬ್ಬಳು ಒಬ್ಬಳೇ ಕೂತು ಮಾಡಿದ್ದು. ಪರದೆಯ ಮೇಲೊಂದು ಪುಟ್ಟ ಮನೆ. ಒಬ್ಬ ಹೆಂಗಸು ಕೆಲಸದಿಂದ ಬರುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಬಟ್ಟೆ ಮಡಿಸುತ್ತಾಳೆ, ಕಿಟಕಿಯಲ್ಲಿ ನಿಲ್ಲುತ್ತಾಳೆ. ಶತ್ರುವಿಲ್ಲ, ಗೆಲುವಿಲ್ಲ. ಅಲ್ಪವಿರಾಮ ಮೈಮರೆತು ಪಾತ್ರೆ ತೊಳೆದ. ಸ್ವಂತ ಮನೆಯಲ್ಲಿ ಒಂದು ಲೋಟ ತೊಳೆಯದ ಮಹಾನುಭಾವ, ಅಲ್ಲಿ ತಟ್ಟೆಯ ಅಂಚನ್ನೂ ಬಿಡದೆ ಉಜ್ಜಿದ!

ಅಷ್ಟರಲ್ಲಿ ಬೆಲ್ಲಾಯಿತು.

ಅವನು ಆ ಹೆಂಗಸನ್ನು ಬಾಗಿಲಿಗೆ ಓಡಿಸಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಬೆಲ್. ಮತ್ತೆ ಓಡಿಸಿದ. ಊಹೂಂ. ಅವನ ಮೈ ಜುಮ್ಮೆಂದಿತು. "ಯಾರೋ ಕರೀತಿದ್ದಾರೆ, ಅವಳಿಗೆ ತೆಗೆಯೋಕಾಗ್ತಿಲ್ಲ! ಅಬ್ಬಾ, ಎಂಥ ಕಲ್ಪನೆ!" ಅಂದುಕೊಂಡು ಬರೆದುಕೊಂಡ.

ಆಮೇಲೆ ಎಲ್ಲಿಂದಲೋ ಟೀಂ, ಟೀಂ ಅಂತ ಸದ್ದು. "ಕಾಲದ ಎಚ್ಚರಿಕೆ!" ಬರೆದುಕೊಂಡ. ಧಡ್ ಧಡ್ ಅಂತ ಬಾಗಿಲು ಬಡಿತ. "ಸಮಾಜದ ಪೆಟ್ಟು!" ಅದನ್ನೂ ಬರೆದುಕೊಂಡ. ಮೂಗಿಗೆ ಸುಟ್ಟ ಹಾಲಿನ ವಾಸನೆ ಬಡಿದಾಗಲಂತೂ ಕೈ ಮುಗಿಯುವುದೊಂದು ಬಾಕಿ. "ಇದು ಬರೀ ಆಟವಲ್ಲ, ವಾಸನೆಯನ್ನೂ ಹುಟ್ಟಿಸುವ ಮಾಯೆ!"

ಕೊನೆಗೆ ದೂರದಿಂದ, ದಣಿದ ಒಂದು ಮುದಿ ದನಿ ಕೇಳಿತು: "ಅಳಿಯಂದ್ರೇ... ಒಳಗಿದ್ದೀರಾ?"

ಅಲ್ಪವಿರಾಮನ ಕಣ್ಣು ತುಂಬಿತು. ಎಲ್ಲಿಯೋ ಇರುವ ಹುಡುಗಿಯ ಆಟದಲ್ಲಿ ನಮ್ಮ ಭಾಷೆ! ಮೂಗೊರೆಸಿಕೊಂಡು ಬರೆದ, ಬರೆದದ್ದನ್ನು ಹಾಗೇ ಕಚೇರಿಗೆ ಕಳಿಸಿಬಿಟ್ಟ.

ಸಂಜೆ ಹೆಂಡತಿ ತನ್ನ ಕೀಲಿಯಿಂದ ಬಾಗಿಲು ತೆರೆದಳು. ಹಿಂದೆ ಮಾವ. ಲಿಫ್ಟ್ ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡ ಮನುಷ್ಯ. ಇಡೀ ಮಧ್ಯಾಹ್ನ ಮೆಟ್ಟಿಲ ಮೇಲೆ, ಚೀಲದ ಪಕ್ಕ ಇನ್ನೊಂದು ಚೀಲದ ಹಾಗೆ ಕೂತಿದ್ದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಬತ್ತಿ, ಪಾತ್ರೆಯ ತಳ ಕಪ್ಪಾಗಿತ್ತು; ಸಣ್ಣ ಉರಿ ಇನ್ನೂ ಉರಿಯುತ್ತಲೇ ಇತ್ತು.

"ಗ್ಯಾಸ್!" ಅನ್ನುತ್ತ ಅವಳು ಸ್ಟವ್ ಆರಿಸಿ ಕಿಟಕಿಗಳನ್ನೆಲ್ಲ ತೆರೆದಳು. "ರೀ, ಇದೇನಿದು?"

"ಬಾ, ಕೂತ್ಕೋ! ಮಾವ, ನೀವೂ ಕೇಳಿ. ಇಂಥದ್ದು ಬರೆದೇ ಇಲ್ಲ ನಾನು!" ಅಲ್ಪವಿರಾಮ ಗಂಟಲು ಸರಿಮಾಡಿಕೊಂಡು ಓದತೊಡಗಿದ. "'ಮೊದಲ ಬೆಲ್ಲು ಎದೆಯನ್ನೇ ತಟ್ಟುತ್ತದೆ...'"

"ಅದು ನಾನು" ಅಂದರು ಮಾವ.

"'ಕಾಲದ ಎಚ್ಚರಿಕೆಯ ಸದ್ದು...'"

"ವಾಷಿಂಗ್ ಮೆಷಿನ್" ಅಂದಳು ಹೆಂಡತಿ.

"'ಸ... ಸಮಾಜದ ಪೆಟ್ಟು...'"

"ಅದೂ ನಾನೇ. ಕೈ ಇನ್ನೂ ನೋಯ್ತಿದೆ, ನೋಡಿ."

ಹಾಲಿನ ಸಾಲಿಗೆ ಬರುವ ಹೊತ್ತಿಗೆ ಅವನ ದನಿ ಬಾವಿಯೊಳಗೆ ಇಳಿದಿತ್ತು. "ಅಳಿಯಂದ್ರೇ" ಅನ್ನುವುದನ್ನು ಓದುವ ಧೈರ್ಯವಾಗಲಿಲ್ಲ. ಮಾವನೇ ಇಣುಕಿ ಓದಿಕೊಂಡರು. "ದಣಿದ ಮುದಿ ದನಿಯಾ? ದಣಿದಿದ್ದು ನಿಜ. ಮುದಿ ಅನ್ನೋದನ್ನ ತೆಗೀರಿ."

ತೆಗೆಯುವುದೆಲ್ಲಿಂದ ಬಂತು! ಫೋನಿಗೆ ಓಡುವಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು.

ಅಂಕಣ ಬಂತು. ಪತ್ರಗಳೂ ಬಂದವು, ಒಂದಲ್ಲ ಎರಡಲ್ಲ! "ಬೆಲ್ ಎಲ್ಲಿ?" "ಎಷ್ಟು ಮೂಸಿದರೂ ವಾಸನೆ ಬರಲಿಲ್ಲ." "ಮೋಸ!" ಸಂಪಾದಕರಿಗೆ ಹಬ್ಬ. "ಭಲೇ! ಬೈತಿದ್ದಾರೆ ಅಂದ್ರೆ ಓದ್ತಿದ್ದಾರೆ. ಬೆಲ್ ಇದೆ ಅಂತಲೇ ವಾದಿಸಿ. ಅಂಕಣಕ್ಕಿನ್ನು ಸಾವಿಲ್ಲ!"

ಅಂಕಣ ಉಳಿದಿತ್ತು. ಅಲ್ಪವಿರಾಮನಿಗೆ ಮಾತ್ರ ಸಮಾಧಾನವಿಲ್ಲ. ಜಾಹೀರಾತಿನ ಸುಳ್ಳಿಗೆ ವಾರವಾರ ಉಗಿದ ಬಾಯಿ ಇದು! ಈಗ ಒಂದು ಸುಳ್ಳಿನ ಮೇಲೇ ಚಾಪೆ ಹಾಸಿ ಮಲಗಬೇಕೇ?

"ನಿಜ ಹೇಳಿದ್ರೆ ಅಂಕಣ ಹೋಗುತ್ತೆ ಕಣೇ."

"ಹೋಗ್ಲಿ ಬಿಡಿ. ಆ ಹುಡುಗಿ ಮಾಡದೇ ಇದ್ದಿದ್ದನ್ನೆಲ್ಲ ಹೊಗಳಿದ್ರಿ. ಮಾಡಿದ್ದು ಏನೂಂತ ನೋಡಿದ್ರಾ? ಇಲ್ಲಿ ಕೊಡಿ."

ಮೂವರೂ ಕೂತರು. ಹೆಂಡತಿ ಆಡಿದಳು. ಪಾತ್ರೆ, ಬಟ್ಟೆ, ಕಿಟಕಿ.

"ಈ ಮನೆಗೆ ಬೆಲ್ಲೇ ಇಲ್ಲ, ರೀ" ಅಂದಳು ಕೊನೆಗೆ. "ಮರೆತು ಬಿಟ್ಟಿದ್ದಲ್ಲ, ಬೇಕು ಅಂತಲೇ ಇಟ್ಟಿಲ್ಲ. ಇವಳ ಮನೆಗೆ ಯಾರೂ ಬರಲ್ಲ. ಎಲ್ಲಾ ಮುಗಿಸಿ ಕಿಟಕೀಲಿ ನಿಲ್ತಾಳಲ್ಲ, ಅದು ಅದಕ್ಕೇ. ನಮ್ಮ ವಾರ್ಡಿನಲ್ಲೂ ಹೀಗೆ ಬಾಗಿಲ ಕಡೆ ನೋಡ್ತಾ ಮಲಗಿರ್ತಾರೆ, ಯಾರೂ ನೋಡೋಕೆ ಬರದವರು."

ಅವಳು ನೋಡಿದ್ದೇ ಆಟದ ಪ್ರಾಣ. ಅಲ್ಪವಿರಾಮ ಅದರ ಮೇಲೆ ಬೆಲ್ ಬಾರಿಸಿ, ಹಾಲು ಉಕ್ಕಿಸಿ ಸಂತೆ ಮಾಡಿದ್ದ.

ಮುಂದಿನ ವಾರ ಅವನು ಇದ್ದದ್ದನ್ನು ಇದ್ದ ಹಾಗೇ ಬರೆದ. ಸ್ಪಂಜಿಲ್ಲದ ಕಿವಿ, ಸುಟ್ಟ ಪಾತ್ರೆ, ಮೆಟ್ಟಿಲ ಮೇಲಿನ ಮಾವ. ಆಮೇಲೆ ಹೆಂಡತಿಯ ಮಾತು, ಅವಳ ಹೆಸರಿನಲ್ಲೇ. ಕೊನೆಗೆ ತನ್ನದು: "ಆ ಮನೆಗೆ ಬೆಲ್ಲಿಲ್ಲ. ನನ್ನ ಮನೆಗಿತ್ತು, ನಾನು ಬಾಗಿಲು ತೆಗೆಯಲಿಲ್ಲ. ಆಟವನ್ನು ಇನ್ನೊಮ್ಮೆ ಆಡಿ, ನನ್ನನ್ನು ಮರೆತು." ಸಂಪಾದಕರು ಓದಿ ಗುರ್ ಅಂದರು. ಆದರೂ ಹಾಕಿದರು.

ಬೈದವರೇ ಮತ್ತೆ ಆಡಿದರು. ಆಡಿ, ಬೇರೆಯವರಿಗೂ ಹೇಳಿದರು. ಓದುಗರೊಬ್ಬರು ಅಂಕಣವನ್ನು ಅನುವಾದಿಸಿ ಕಳಿಸಿದ್ದರಿಂದ ಆಟ ಮಾಡಿದ ಹುಡುಗಿಯಿಂದಲೂ ಪತ್ರ ಬಂತು: ಆಟ ಕಟ್ಟುವುದನ್ನೇ ಬಿಡಬೇಕೆಂದಿದ್ದಳಂತೆ. ಈಗ ಎರಡನೆಯದಕ್ಕೆ ಕೈಹಾಕಿದ್ದಾಳಂತೆ. ನರ್ಸಕ್ಕನಿಗೆ ನಮಸ್ಕಾರ ಹೇಳಿದ್ದಳು. ಅಲ್ಪವಿರಾಮ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಬಂದು ಅದನ್ನು ಹೆಂಡತಿಗೆ ಎರಡೆರಡು ಸಲ ಓದಿ ಹೇಳಿದ.

ಸಂಪಾದಕರು ಕರೆಸಿದರು. ಮೇಜಿನ ಮೇಲೆ ಪತ್ರಗಳ ಗುಡ್ಡೆ.

"ಅಂಕಣ ಮುಂದುವರಿಯುತ್ತೆ. ಜಾಗಾನೂ ಜಾಸ್ತಿ ಕೊಡ್ತೀನಿ."

"ಸಾರ್, ಓದುಗರು ಕೊನೆಗೂ ನನ್ನನ್ನ..."

"ನಿಮ್ಮನ್ನಲ್ಲ. ಎಲ್ಲರೂ ಕೇಳಿರೋದು ಒಂದೇ. ಮಾವ ಏನಂದ್ರು?"

ಹಾಗಾಗಿ ಈಗ ಆಡುವವರು ಮಾವ, ಹೇಳುವವರೂ ಮಾವ. ಬರೆದುಕೊಳ್ಳುವುದು ಅಲ್ಪವಿರಾಮನ ಕೆಲಸ. ಮೊದಲ ವಾರ ಮಾವ ಆರಿಸಿಕೊಂಡದ್ದು ಮನೆಮನೆಗೆ ಪಾರ್ಸೆಲ್ ಹಂಚುವ ಒಂದು ಪುಟ್ಟ ಆಟ. ಕನ್ನಡಕ ಮೇಲೇರಿಸಿ, ಅಳಿಯನ ಕಡೆ ತಿರುಗಿಯೂ ನೋಡದೆ ಮೊದಲ ಸಾಲು ಹೇಳಿದರು:

"ಬರ್ಕೊಳ್ಳಿ ಅಳಿಯಂದ್ರೇ. ಈ ಆಟದಲ್ಲಿ ಬೆಲ್ ಒತ್ತಿದ ತಕ್ಷಣ ಬಾಗಿಲು ತೆಗೀತಾರೆ. ಶುದ್ಧ ಕಟ್ಟುಕಥೆ!"