ಕಾಕಾನ ಶುಗರ್ ಮತ್ತು ಸತ್ಯನಾರಾಯಣನ ಪ್ರಸಾದ

ನಮ್ಮ ಕಾಕಾಗೆ ಶುಗರ್ ಇತ್ತು, ಆದರೆ ದವಾಖಾನೆಯೊಳಗೆ ಮಾತ್ರ. ಮೆಟ್ಟಿಲು ಇಳಿದರೆ ಅವರು ನಿರೋಗಿ!

ಕಾಕಾ ಕಮಲಾಪುರದ ಪುರೋಹಿತರು. ಸತ್ಯನಾರಾಯಣ ಪೂಜೆ ಮುಗಿದರೆ ತುಪ್ಪ ಸೋರುವ ರವೆಯ ಪ್ರಸಾದವನ್ನು ಬೊಗಸೆ ತುಂಬ ತಿನ್ನುವರು. ಯಾರಾದರೂ ತಡೆದರೆ, "ಪ್ರಸಾದಕ್ಕ ಸಕ್ಕರಿ ಲೆಕ್ಕ ಹಚ್ಚಬಾರದಪಾ, ಪಾಪ ಬರ್ತದ" ಅನ್ನುವರು. ಮನೆಯಲ್ಲಿ ಹೆಂಡತಿ, ನಮ್ಮ ಕಾಕು, ಕೊಡುತ್ತಿದ್ದ ಚಹಾ ಒಂದೇ ಸಪ್ಪಗೆ. ತಪಾಸಣೆ ಹತ್ತಿರ ಬಂದಾಗ ಮಾತ್ರ ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಬೆಳಗಿನ ನಡಿಗೆ. ರಕ್ತ ಕೊಟ್ಟು ಬಂದ ದಿನವೇ ಜಿಲೇಬಿ. ಇಂಥ ಶಿಸ್ತು ಇನ್ಯಾರಿಗುಂಟು?

ಒಮ್ಮೆ ಕಲಬುರಗಿಗೆ ಬಂದಾಗ ಅಲ್ಲಿನ ಗಾಜಿಪುರ ಬಡಾವಣೆಯ ನಮ್ಮ ಮನೆಯಿಂದ ನಾನೇ ಡಾಕ್ಟರ ಬಳಿ ಕರೆದೊಯ್ದೆ. ಅವರು ಬೇರೆ ಪರೀಕ್ಷೆ ಬರೆದರು, ಹಿಂದಿನ ಮೂರು ತಿಂಗಳ ಶುಗರ್ ಹೇಗಿತ್ತೆಂದು ಹೇಳುವಂಥದ್ದು. ಕಾಕಾ ಕುರ್ಚಿಯಲ್ಲೇ ಕುಗ್ಗಿದರು.

"ನನ್ನ ರಕ್ತನೇ ನನ್ನ ಮ್ಯಾಲೆ ಚಾಡಿ ಹೇಳ್ತದೇನ್ರಿ?"

ಹೇಳಿತು. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಏರಿದ್ದವು.

"ಶುಗರ್ ಇದ್ದೋರಿಗೆ ಹೃದಯಕ್ಕ ಅಪಾಯ ಜಾಸ್ತಿ ರೀ. ಮೂರೂ ಗುಳಿಗಿ ತಗೋಬೇಕು" ಅಂದರು ಡಾಕ್ಟರು.

"ನಾ ಒಂದು ಬ್ಯಾನಿ ತಂದ್ರ ನೀವು ಮೂರು ಮಾಡಿ ಕಳಸ್ತೀರಲ್ರಿ."

ಡಾಕ್ಟರೂ ನಕ್ಕರು. ಊರಿಗೆ ಹೋದ ಕಾಕಾ ಶುಗರ್ ಗುಳಿಗೆಯಷ್ಟೇ ನುಂಗಿದರು. ಉಳಿದವು ದೇವರ ಮನೆಯ ಗೂಡಿನಲ್ಲಿ ಕೂತವು. "ನನಗೇನ್ ಎದಿ ನೋವದ?"

ಆ ನೋವು ಬರಲೇ ಇಲ್ಲ. ಮೋಸವಾದದ್ದು ಅಲ್ಲೇ. ಕಲಬುರಗಿಯ ಕೋಟನೂರಿನಲ್ಲಿ ನನ್ನ ಗೆಳೆಯನ ಮನೆಯ ಗೃಹಪ್ರವೇಶ. ಮಂತ್ರ ಹೇಳುತ್ತಿದ್ದ ಕಾಕಾ ನಡುವೆಯೇ ನಿಲ್ಲಿಸಿದರು. ಮೈಯೆಲ್ಲ ಬೆವರು, ಉಸಿರು ಸಾಲದು. "ಹೋಮದ ಹೊಗಿ, ಮತ್ತೇನಿಲ್ಲ" ಅಂದರು. ನಾನು ಕೇಳದೆ ಆಟೋ ಹತ್ತಿಸಿದೆ. ಇಸಿಜಿ ನೋಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಹಳೆಯ ಶುಗರ್‌ನಿಂದ ನರಗಳು ಸೋತರೆ ಎದೆನೋವು ತಿಳಿಯದೇ ಇರಬಹುದಂತೆ.

ಸ್ಟೆಂಟ್ ಹಾಕಿ ಜೀವ ಉಳಿಸಿದರು. ಆದರೆ ಹೃದಯ ಮೊದಲಿನಂತಾಗಲಿಲ್ಲ. ಒಂದು ಶ್ಲೋಕಕ್ಕೆ ಎರಡು ಸಲ ಉಸಿರೆಳೆಯುವ ಪುರೋಹಿತರನ್ನು ಜನ ಕರೆಯುವುದೂ ಕಡಿಮೆಯಾಯಿತು.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಕಾಕು ಎಲ್ಲರಿಗೂ ಚಹಾ ತಂದಿಟ್ಟರು. ಕಾಕಾ ಮರೆತು ಹೆಂಡತಿಯ ಕಪ್ಪನ್ನೇ ಎತ್ತಿ ಗುಟುಕರಿಸಿದರು.

"ನಿಂದ್ರಾಗೂ ಸಕ್ಕರಿ ಇಲ್ಲಲ್ಲ?"

"ನಿಮಗ ಶುಗರ್ ಬಂದಾಗಿಂದ ಬಿಟ್ಟೀನ್ರಿ," ಅಂದರು ಕಾಕು. "ನೀವೊಬ್ಬರೇ ಸಪ್ಪಂದು ಕುಡಿಯೋದು ನೋಡ್ಲಿಕ್ಕಾಗಲಿಲ್ಲ."

ಕಾಕಾ ಪ್ರಸಾದ ಕೊಡುವಂತೆ ಬಲಗೈಯಿಂದ ಕಪ್ಪನ್ನು ಮರಳಿ ಚಾಚಿದರು. ಕಾಕು ಕಪ್ಪಿನ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡರು.