ಇನ್ನೂರ ಹತ್ತು ಅಡಿ ಹಗ್ಗದ ವಿತರಣೆ

೧೯೬೧ನೇ ಇಸವಿಯಲ್ಲಿ ಪ್ರಯಾಣಿಕರ ಆಪತ್ತು ನಿವಾರಣಾ ಸ್ವಯಂಸೇವಕ ದಳದ ಹರಿಹರ ಶಾಖೆಯ ಒಟ್ಟು ಆಸ್ತಿ ಒಂದು ಬೋರ್ಡು, ಒಂದು ಪೀಪಿ ಮತ್ತು ಇನ್ನೂರ ಹತ್ತು ಅಡಿ ಉದ್ದದ ಒಂದು ಪುಂಡಿನಾರಿನ ಹಗ್ಗ. ಬೋರ್ಡು ಮತ್ತು ಪೀಪಿ ಶಾಖೆಯ ಕಾರ್ಯದರ್ಶಿಗಳಾದ ನಿವೃತ್ತ ಡ್ರಿಲ್ ಮೇಷ್ಟ್ರು ಹಾಲೇಶಪ್ಪನವರ ಸುಪರ್ದಿನಲ್ಲಿದ್ದವು. ಹಗ್ಗ ಮಾತ್ರ ಹೊಳೆಯಲ್ಲಿ ಹರಿಗೋಲು ಹಾಕುವ ದುರುಗಣ್ಣನ ಹತ್ತಿರ ಇತ್ತು. ಇದು ನಿಯಮಕ್ಕೆ ವಿರುದ್ಧ. ಹಗ್ಗ ಇರತಕ್ಕದ್ದು ಬೀರುವಿನಲ್ಲಿ. ಆದರೆ ಶಾಖೆಗೆ ಬೀರು ಮಂಜೂರಾಗಿರಲಿಲ್ಲವಾದ್ದರಿಂದ, ಅದು ಬರುವ ತನಕ ದುರುಗಣ್ಣನನ್ನೇ ಬೀರು ಎಂದು ಭಾವಿಸತಕ್ಕದ್ದೆಂದು ಠರಾವಾಗಿತ್ತು.

ಈ ಬೀರು ಎರಡು ಮಳೆಗಾಲದಲ್ಲಿ ಹನ್ನೊಂದು ಮಂದಿಯನ್ನು ತುಂಗಭದ್ರೆಯಿಂದ ಎಳೆದು ದಂಡೆಗೆ ಹಾಕಿತ್ತು. ಅವರಲ್ಲೊಬ್ಬರು ದಫೇದಾರರು, ತಾವು ಬಿದ್ದದ್ದಲ್ಲ, ತನಿಖೆಗೆ ಇಳಿದದ್ದು ಎಂದು ಬರೆಸಿದ್ದರು. ಹನ್ನೊಂದರಲ್ಲಿ ಒಂದೂ ವಾರ್ಷಿಕ ವರದಿಗೆ ಹೋಗಲಿಲ್ಲ. ನಮೂನೆಯಲ್ಲಿ ‘ರಕ್ಷಿಸಿದವರ ಡಿಪ್ಲೊಮಾ ಸಂಖ್ಯೆ’ ಎಂಬ ಕಲಮು ಇತ್ತು. ದುರುಗಣ್ಣನಿಗೆ ಈಜು ಬರುತ್ತಿತ್ತು, ಡಿಪ್ಲೊಮಾ ಇರಲಿಲ್ಲ. ಅವನಿಗೆ ಅದರ ಹಂಬಲವೂ ಇರಲಿಲ್ಲ. ಹಗ್ಗ ಒಂದಿದ್ದರೆ ಸಾಕಾಗಿತ್ತು. ಅವನ ಸ್ವಂತದ್ದು ಮೂರೇ ಮಾರು. ಹೊಳೆ ಮೂರು ಮಾರು ಅಳೆದು ನೋಡಿ ಯಾರನ್ನೂ ಒಯ್ಯುವುದಿಲ್ಲ.

ಹೀಗಿರುವಾಗ ಜಿಲ್ಲೆಯಿಂದ ಒಂದು ಸುತ್ತೋಲೆ ಬಂತು. ಮಿತವ್ಯಯದ ದೃಷ್ಟಿಯಿಂದ ದಾವಣಗೆರೆ, ಹರಿಹರ ಎರಡೂ ಶಾಖೆಗಳಿಗೆ ಒಂದೇ ಹಗ್ಗ ಸಾಕು. ಪ್ರಯಾಣಿಕರಿಗೆ ಆಪತ್ತಿನ ಶಿಕ್ಷಣ ಕೊಟ್ಟು, ತುಂಬಿದ ಬಸ್ಸನ್ನು ಎರಡು ನಿಮಿಷದೊಳಗೆ ತೆರವು ಮಾಡಿಸುವ ಶಾಖೆ ಸದರಿ ಹಗ್ಗಕ್ಕೆ ಅರ್ಹ. ದಾವಣಗೆರೆಯವರು ನಿಟ್ಟುವಳ್ಳಿ ಹತ್ತಿರ ಹದಿನೈದೇ ಸೆಕೆಂಡಿನಲ್ಲಿ ಒಂದು ಬಸ್ಸನ್ನು ತೆರವು ಮಾಡಿ ತೋರಿಸಿದ್ದರು. ಆ ಬಸ್ಸು ಕೆಟ್ಟು ನಿಂತು ಎರಡು ದಿನವಾಗಿತ್ತು. ಒಳಗೆ ಕ್ಲೀನರ್ ಒಬ್ಬ ಮಲಗಿದ್ದ. ಆದಕಾರಣ ತೀರ್ಪನ್ನು ತಡೆಹಿಡಿದು, ಹರಿಹರದವರೂ ಸೋತರೆ ಹಗ್ಗ ದಾವಣಗೆರೆಗೆ ಎಂದು ಷರಾ ಬರೆದಿದ್ದರು.

“ಅಲ್ರೀ ಮೇಷ್ಟ್ರೇ, ದಾವಣಗೆರ್ಯಾಗೆ ಹೊಳೆ ಎಲ್ಲೈತೆ?” ಎಂದ ದುರುಗಣ್ಣ.

“ಹೊಳೆ ಇಲ್ಲ ಅಂತ ಹಗ್ಗ ಬ್ಯಾಡ ಅನ್ನಾಕಾಗುತ್ತಾ? ಅವರಿಗೆ ಬೀರು ಐತೆ,” ಎಂದರು ಹಾಲೇಶಪ್ಪನವರು.

ಮುಂದಿನ ಮಳೆಗಾಲದಲ್ಲಿ ಯಾರಾದರೂ ಕೈ ಮೇಲೆತ್ತಿ ತೇಲಿ ಹೋಗುವುದನ್ನು ತಾನು ದಂಡೆಯಲ್ಲಿ ನಿಂತು ನೋಡಬೇಕಲ್ಲ ಎಂದು ದುರುಗಣ್ಣನಿಗೆ ಎರಡು ದಿನ ಅನ್ನ ರುಚಿಸಲಿಲ್ಲ.

ಮೊದಲ ಅಭ್ಯಾಸಕ್ಕೆ ಹನ್ನೊಂದು ಗಂಟೆಯ ದಾವಣಗೆರೆ ಬಸ್ಸನ್ನು ಆರಿಸಲಾಯಿತು. ಅದು ರೇಡಿಯೇಟರಿಗೆ ನೀರು ಕುಡಿಸಲು ಸೇತುವೆಯ ಹತ್ತಿರ ಹೇಗೂ ನಿಲ್ಲುತ್ತಿತ್ತು. ಒಳಗೆ ನಲವತ್ತೆರಡು ಸೀಟು, ನಲವತ್ತೆರಡು ಮಂದಿ. ಹಾಲೇಶಪ್ಪನವರು ಪೀಪಿ ಊದಿ, “ಮಹಾಜನರೇ, ಬಸ್ಸಿಗೆ ಬೆಂಕಿ ಬಿದ್ದಿದೆಯೆಂದು ಭಾವಿಸಿ ಶಿಸ್ತಿನಿಂದ ಇಳಿಯತಕ್ಕದ್ದು,” ಎಂದು ಪ್ರಕಟಿಸಿದರು.

ಯಾರೂ ಅಲುಗಾಡಲಿಲ್ಲ. ಕಡರನಾಯಕನಹಳ್ಳಿಯಿಂದ ಮೊಸರಿನ ಗಡಿಗೆ ಹೊತ್ತು ಬಂದಿದ್ದ ಅಂಜಿನವ್ವ ಕಿಟಕಿಯಿಂದ ಮುಖ ಹೊರಹಾಕಿದಳು. “ಬೆಂಕಿ ಆರಿದ ಮ್ಯಾಲೆ ಬಸ್ಸು ದಾವಣಗೆರೆಗೆ ಹೋಗುತ್ತಾ?”

“ಹೋಗುತ್ತದೆ ತಾಯಿ.”

“ಮತ್ತೆ ಇಳಿದೋರ ಸೀಟು?”

ಆಪತ್ತು ನಿವಾರಣೆಯ ಕೈಪಿಡಿ ತೊಂಬತ್ತಾರು ಪುಟದ್ದು. ಅದರಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಬಹಳ ಹೇಳಿಸಿಕೊಂಡ ಮೇಲೆ ಏಳು ಮಂದಿ ಸೀಟಿನ ಮೇಲೆ ಟವೆಲ್ ಹಾಸಿ ಇಳಿದರು. ಅಷ್ಟರಲ್ಲೇ ಕೆಳಗೆ ಕಾದಿದ್ದವರು ಕಿಟಕಿಗಳಿಂದ ತಮ್ಮ ಟವೆಲ್ ಎಸೆದು ಆ ಸೀಟುಗಳನ್ನು ಹಿಡಿದು, ಬೆಂಕಿ ಬಿದ್ದ ಬಸ್ಸಿಗೆ ಹದಿನಾರು ಜನ ಹತ್ತಿದರು. ಅಭ್ಯಾಸ ಮುಗಿದಾಗ ಬಸ್ಸಿನಲ್ಲಿ ಐವತ್ತೊಂದು ಮಂದಿ ಇದ್ದರು. ಹಾಲೇಶಪ್ಪನವರು ಸತ್ಯವಂತರು. ವರದಿಯಲ್ಲಿ ‘ಪಾರು ಮಾಡಿದವರು: ಋಣ ಒಂಬತ್ತು’ ಎಂದು ಬರೆದರು.

ಆ ಸಂಜೆ ತುರ್ತು ಸಭೆ ಸೇರಿತು. ಸಾರ್ವಜನಿಕರು ಬೆಂಕಿಗೆ ಹೆದರುವುದಿಲ್ಲ, ಸೀಟು ಹೋಗುವುದಕ್ಕೆ ಹೆದರುತ್ತಾರೆ ಎಂಬುದು ಸರ್ವಾನುಮತದಿಂದ ಅಂಗೀಕಾರವಾಯಿತು. ಟವೆಲ್ ನಂಬಲು ಬರುವುದಿಲ್ಲ, ಹೊರಗಿನಿಂದ ಯಾರು ಬೇಕಾದರೂ ಎಸೆಯಬಹುದು. ಒಳಗೆ ಕೂತವನೇ ಕಟ್ಟಬೇಕಾದ, ಕಿಟಕಿಯಿಂದ ಎಸೆದರೆ ನಿಲ್ಲದ ವಸ್ತು ಬೇಕು. ಅಂಥದ್ದು ಶಾಖೆಯ ಆಸ್ತಿಯಲ್ಲಿ ಒಂದೇ ಇತ್ತು. ಹಾಲೇಶಪ್ಪನವರು ಬೀರುವಿನ ಕಡೆ ನೋಡಿದರು.

“ಹಗ್ಗ ಉಳಿಸಾಕೆ ಹಗ್ಗಾನೇ ಕೊಯ್ತೀರಾ ಮೇಷ್ಟ್ರೇ?” ಎಂದ ದುರುಗಣ್ಣ.

“ಕೊಯ್ಯೋದಲ್ಲಪ್ಪಾ, ವಿತರಣೆ. ಐದೈದು ಅಡಿ, ನಲವತ್ತೆರಡು ತುಂಡು, ಲೆಕ್ಕ ಸರಿ ಬರುತ್ತೆ ನೋಡು. ಒಂದು ಅಂಗುಲ ಪೋಲಾಗಲ್ಲ.”

ಎಳೆ ಬಿಚ್ಚದಂತೆ ಕೊಯ್ಯಲು ಊರಲ್ಲಿ ಬರುತ್ತಿದ್ದದ್ದು ದುರುಗಣ್ಣನೊಬ್ಬನಿಗೇ. ಆದ್ದರಿಂದ ಆ ಕೆಲಸವನ್ನೂ ಅವನಿಗೇ ಹಚ್ಚಿದರು. ಅವನು ಕಣ್ಣು ಒರೆಸಿಕೊಳ್ಳುತ್ತಾ ಕೊಯ್ದ. ನಾರಿನ ಧೂಳು ಎಂದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆ.

ಜಿಲ್ಲೆಯ ಸಾಹೇಬರ ಮುಂದೆ ನಡೆದ ಪ್ರದರ್ಶನ ದಿಗ್ವಿಜಯ. ಜನ ಹತ್ತುತ್ತಲೇ ಸೀಟಿಗೆ ಹಗ್ಗ ಬಿಗಿದು ಕೂತಿದ್ದರು. ಪೀಪಿ ಊದಿದ್ದೇ ತಡ, ನೆಮ್ಮದಿಯಿಂದ ಇಳಿದು ಎಲೆ ಅಡಿಕೆ ಹಾಕಿಕೊಂಡರು. ಒಂದು ನಿಮಿಷ ನಲವತ್ತು ಸೆಕೆಂಡು. ಸಾಹೇಬರು ಹಗ್ಗವನ್ನು ಹರಿಹರಕ್ಕೆ ಶಾಶ್ವತವಾಗಿ ದಯಪಾಲಿಸಿ, ಆಸ್ತಿ ಪಟ್ಟಿಯಲ್ಲಿ ‘ಹಗ್ಗ ಒಂದು, ಸುಸ್ಥಿತಿಯಲ್ಲಿದೆ’ ಎಂದು ರುಜು ಹಾಕಿ ಹೋದರು. ತುಂಡುಗಳು ಹನ್ನೊಂದು ಗಂಟೆಯ ಬಸ್ಸಿನಲ್ಲೇ ಉಳಿದವು.

ಶ್ರಾವಣದಲ್ಲಿ ಹೊಳೆ ತುಂಬಿ ಬಂತು. ‘ಪ್ರಯಾಣಿಕರು ದಂಡೆಯಲ್ಲಿ ಜಾರದಿರುವುದು ಹೇಗೆ’ ಎಂಬ ವಿಷಯವಾಗಿ ಹಾಲೇಶಪ್ಪನವರು ಅಲ್ಲಿ ಪಾಠ ಏರ್ಪಡಿಸಿದ್ದರು. ಎಡಗಾಲು ಊರುವ ಕ್ರಮವನ್ನು ವಿವರಿಸಿ, ಬಲಗಾಲಿನದನ್ನು ತೋರಿಸಲು ಹೋಗಿ ಜಾರಿದರು. ಮೂವತ್ತು ಮಾರು ಕೆಳಗೆ ಒಂದು ಬಂಡೆಯನ್ನು ಅಪ್ಪಿಕೊಂಡರು. ಆ ಸೆಳವಿಗೆ ಹರಿಗೋಲು ನಿಲ್ಲುವಂತಿರಲಿಲ್ಲ.

“ದುರುಗಣ್ಣಾ, ಹಗ್ಗ!” ಎಂದರು.

“ವಿತರಣೆ ಆಗೈತ್ರೀ ಮೇಷ್ಟ್ರೇ,” ಎಂದು ಕೂಗಿ ದುರುಗಣ್ಣ ಸೇತುವೆಯತ್ತ ಓಡಿದ. ಬಸ್ಸು ನೀರು ಕುಡಿಯುತ್ತಿತ್ತು.

“ಮೇಷ್ಟ್ರು ಹೊಳೆಗೆ ಬಿದ್ದಾರೆ, ಹಗ್ಗ ಬಿಚ್ಚಿಕೊಡ್ರಿ,” ಎಂದ.

ಎಲ್ಲರೂ ಅಯ್ಯೋ ಪಾಪ ಎಂದರು. ಯಾರೂ ಬಿಚ್ಚಲಿಲ್ಲ. “ಅದೊಂದು ಬಿಟ್ಟು ಬ್ಯಾರೆ ಏನಾರ ಕೇಳಪ್ಪಾ,” ಎಂದಳು ಅಂಜಿನವ್ವ. ಆದರೆ ಹಗ್ಗ ಬಿಗಿದಿದ್ದರಿಂದ ಸೀಟಿನ ಚಿಂತೆ ಇರಲಿಲ್ಲ. ನಲವತ್ತೆರಡು ಮಂದಿಯೂ ಮೇಷ್ಟ್ರು ಮುಳುಗುವುದನ್ನು ನೋಡಲು ದಡದಡ ಇಳಿದು ಬಂದರು. ದುರುಗಣ್ಣ ತಲೆಯ ಮೇಲೆ ಕೈ ಹೊತ್ತು ಅವರನ್ನೇ ನೋಡಿದ. ಗಂಡಸರೊಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಟವೆಲ್ ಕೆಲಸವಿಲ್ಲದೆ ಬಿದ್ದಿತ್ತು.

ಕೇಳಿದ. ಥಟ್ಟನೆ ಕೊಟ್ಟರು. ಸೀಟು ಹಿಡಿಯದ ಟವೆಲ್ ಯಾರಿಗೆ ಬೇಕು? ಒಂದಕ್ಕೊಂದು ಗಂಟು ಹಾಕುತ್ತಾ ಹೋಗಿ ಮೂವತ್ತೊಂಬತ್ತು ಟವೆಲ್ ಆದವು; ಇನ್ನೂ ಒಂದು ಮೊಳ ಸಾಲದು. ಅಂಜಿನವ್ವ ಗಡಿಗೆ ಕೆಳಗಿಟ್ಟು ತಲೆಯ ಮೇಲಿನ ಬಟ್ಟೆಯ ಸಿಂಬಿ ಬಿಚ್ಚಿ ಕೊಟ್ಟಳು.

ಹಾಲೇಶಪ್ಪನವರು ಸಿಂಬಿಯ ತುದಿ ಹಿಡಿದು, ಮೂಗಿನಲ್ಲಿ ಬಾಯಲ್ಲಿ ನೀರು ಸುರಿಸುತ್ತಾ ದಂಡೆ ಮುಟ್ಟಿದರು. ಸುತ್ತ ನೆರೆದ ಜನವನ್ನು ನೋಡಿದರು. ಖಾಲಿ ಬಸ್ಸನ್ನು ನೋಡಿದರು.

“ಎಲ್ಲಾರೂ ಇಳಿದ್ರಾ?”

“ಇಳಿದ್ರು.”

“ಎಷ್ಟು ಹೊತ್ತು ಹಿಡೀತು?”

ಒಂದು ನಿಮಿಷವೂ ಹಿಡಿದಿರಲಿಲ್ಲ. ತುಂಬಿದ ಬಸ್ಸಿನ ಮಟ್ಟಿಗೆ ಜಿಲ್ಲೆಗೆ ಇದೇ ದಾಖಲೆ. ಹೊಸ ಸುತ್ತೋಲೆ ಬಂತು: ಇನ್ನು ಮುಂದೆ ಹಗ್ಗವನ್ನು ಸೀಟಿನ ಸಾಮಗ್ರಿಯೆಂದೂ ಟವೆಲನ್ನು ರಕ್ಷಣಾ ಸಾಮಗ್ರಿಯೆಂದೂ ಪರಿಗಣಿಸತಕ್ಕದ್ದು. ದಾವಣಗೆರೆಯವರು ತಮಗೂ ಟವೆಲ್ ಬೇಕೆಂದು ಅರ್ಜಿ ಹಾಕಿದರು, ಇಡಲು ಬೀರು ಇತ್ತಲ್ಲ. ದುರುಗಣ್ಣನಿಗೆ ಡಿಪ್ಲೊಮಾ ಮಂಜೂರಾಯಿತು, ದಾವಣಗೆರೆಗೆ ಬಂದು ಪಡೆಯತಕ್ಕದ್ದು ಎಂದಿತ್ತು.

ಅವನು ಹನ್ನೊಂದು ಗಂಟೆಯ ಬಸ್ಸು ಹತ್ತಿದ. ಸೀಟಿನ ಮೇಲಿದ್ದ ಐದಡಿ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸವರಿದ. ಆಮೇಲೆ ಹೊಳೆಯ ಸೆಳವಿಗೂ ಬಿಚ್ಚದ ಅಂಬಿಗರ ಗಂಟು ಹಾಕಿ ಕೂತ. ಡಿಪ್ಲೊಮಾ ತಂದ ಮೇಲೂ ಆ ಗಂಟು ಬಿಚ್ಚಲು ಯಾರಿಗೂ ಬರಲಿಲ್ಲ. ಬಿಚ್ಚು ಎಂದರೆ ದುರುಗಣ್ಣ, “ಹೊಳೆಗೆ ಹಗ್ಗ ಬರ್ಲಿ, ಬಿಚ್ತೀನಿ,” ಎನ್ನುತ್ತಿದ್ದ. ಈಗಲೂ ಆ ಬಸ್ಸು ದಿನಾ ನಲವತ್ತೊಂದು ಮಂದಿಯನ್ನು ಕೂರಿಸಿಕೊಂಡು ಹೋಗುತ್ತದೆ. ನಿಂತವರೂ ಆ ಸೀಟಿನತ್ತ ನೋಡುವುದಿಲ್ಲ. ದುರುಗಣ್ಣ ಇಳಿದಿದ್ದಾನೆ, ಬರುತ್ತಾನೆ ಎನ್ನುತ್ತಾರೆ.